ಎಸ್ಟೀಮ್‌ಗೆ ಎಂಪಿಎಫ್‌ಐ ಎಂಜಿನ್: ವೈರಿಂಗ್ ಕುಯ್ಯದೆ ಇಳಿಸಿಕೊಂಡ ಬಗೆ

ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಬೇಕು ಅಂತ ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗೆ ಹೋದರೆ ಒಂದು ಟೀ ಕುಡಿಯುವಷ್ಟರಲ್ಲಿ ಸಿಗುತ್ತದೆ. ಹುಡುಗರು ಎರಡು ಎಂಜಿನ್ ಎಳೆದು ತಂದು ಮುಂದೆ ಇಡುತ್ತಾರೆ, ಯಾವುದು ಬೇಕೋ ಆರಿಸಿಕೊಳ್ಳಿ. ಆಮೇಲೆ "ವೈರಿಂಗ್ ಇದೆಯಾ?" ಅಂತ ಕೇಳಿ ನೋಡಿ. ಒಳಗಿನಿಂದ ಒಂದು ಗೋಣಿಚೀಲ ಬರುತ್ತದೆ. ಅದರೊಳಗೆ ಯಾವ ಯಾವುದೋ ಗಾಡಿಯ ವೈರು ಒಟ್ಟಿಗೆ ಗಂಟು ಬಿದ್ದಿರುತ್ತದೆ. ಕಪ್ಲರ್ (ವೈರಿನ ತುದಿಯ ಪ್ಲಾಸ್ಟಿಕ್ ಪ್ಲಗ್) ಇದ್ದರೆ ಹಿಂದೆ ನಾಲ್ಕು ಇಂಚು ವೈರು, ಉದ್ದ ವೈರು ಸಿಕ್ಕರೆ ತುದಿಯಲ್ಲಿ ಕಪ್ಲರ್ ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಎಂಜಿನ್ ಇಳಿಸಿ ಮುಂದಿನ ಗಾಡಿಗೆ ಹೋಗಬೇಕು, ಒಂದೊಂದೇ ಕಪ್ಲರ್ ಬಿಚ್ಚಿಕೊಂಡು ಕೂರಲು ಪುರುಸೊತ್ತು ಎಲ್ಲಿರುತ್ತದೆ? ಬ್ಲೇಡ್ ಹಾಕಿ ಕುಯ್ದುಬಿಡುತ್ತಾರೆ.

ಹಾಗಾಗಿ ನಾನು ಎಂಜಿನ್ ಕೊಳ್ಳಲಿಲ್ಲ. ಇಡೀ ಕಾರನ್ನೇ ಕೊಂಡೆ.

ನನ್ನದು 1997ರ ಎಸ್ಟೀಮ್, ಕಾರ್ಬ್ಯುರೇಟರ್ ಗಾಡಿ. 1298 ಸಿಸಿ, 8 ವಾಲ್ವ್, 65 ಹಾರ್ಸ್‌ಪವರ್. ಅಪ್ಪ ಕೊಂಡಿದ್ದು, ಮಾರುವ ಮನಸ್ಸಿಲ್ಲ. ಬಾಡಿ ಗಟ್ಟಿಯಾಗಿತ್ತು. ಕಾರ್ಬ್ಯುರೇಟರ್ ಮಾತ್ರ ಪ್ರಾಣ ತಿನ್ನುತ್ತಿತ್ತು. ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಎಸಿ ಹಾಕಿಕೊಂಡು ನಂದಿಬೆಟ್ಟ ಹತ್ತಿದರೆ ಗೇರ್ ಇಳಿಸಿ ಇಳಿಸಿ ಕೈ ನೋಯುತ್ತಿತ್ತು. ಟ್ಯೂನಿಂಗ್ ಚೆನ್ನಾಗಿ ಗೊತ್ತಿದ್ದ ಹಳೇ ಮೇಸ್ತ್ರಿಗಳೂ ಒಬ್ಬೊಬ್ಬರೇ ಗ್ಯಾರೇಜ್ ಮುಚ್ಚುತ್ತಿದ್ದಾರೆ.

ಅದೇ 1298 ಸಿಸಿಯಲ್ಲಿ ಮಾರುತಿಯವರು ಆಮೇಲೆ 16 ವಾಲ್ವಿನ ಎಂಪಿಎಫ್‌ಐ ಎಂಜಿನ್ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವಂಥದ್ದು) ಹಾಕಿದರು. ಹೆಸರು ಜಿ13ಬಿಬಿ, 85 ಹಾರ್ಸ್‌ಪವರ್. 2007ರಲ್ಲಿ ಎಸ್ಟೀಮ್ ನಿಂತುಹೋಯಿತು. ಆದರೆ ಇದೇ ಎಂಜಿನ್ ವರ್ಸಾದಲ್ಲೂ ಇತ್ತು, ಜಿಪ್ಸಿಯಲ್ಲಂತೂ ಅದಾದ ಮೇಲೂ ಹತ್ತು ವರ್ಷ ಬಂತು. ಅದಕ್ಕೇ ಒಳಗಿನ ಸಾಮಾನು ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತದೆ. ರ‍್ಯಾಲಿ ಓಡಿಸಿದವರು ಈ ಊರಲ್ಲಿ ಬಹಳ ಜನ ಇದ್ದಾರೆ, ಅವರಿಗೆ ಈ ಎಂಜಿನ್ ಅಂದ್ರೆ ಮನೆಮಗ. ಕೆಲವರು "ಬಲೆನೋದು ಹಾಕು, 1590 ಸಿಸಿ, ಮಜಾ ಬರುತ್ತೆ" ಅಂದರು. ಮಜಾ ಬರುತ್ತೆ, ನಿಜ. ಆದರೆ ಸಿಸಿ ಬದಲಾಗುತ್ತದೆ. ಆರ್‌ಸಿಯಲ್ಲಿ ಬರೆದಿರುವುದಕ್ಕೂ ಗಾಡಿಗೂ ಹೊಂದುವುದಿಲ್ಲ. ಆ ತಂಟೆ ನನಗೆ ಬೇಕಿರಲಿಲ್ಲ.

ಆರ್‌ಸಿ ಮಾತು ಬಂತಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅನುಮತಿ ಇಲ್ಲದೆ ಹಾಕಿಕೊಂಡರೆ ದಂಡ ಒಂದು ಕಡೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಯವರು ಮೊದಲು ನೋಡುವುದೇ ಎಂಜಿನ್ ನಂಬರ್. ಅದಕ್ಕೇ ನಾನು ಪಾನಾ ಹಿಡಿಯುವ ಮೊದಲು ಜಯನಗರದ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದೆ. ಅದೇ ಕಂಪನಿ, ಅದೇ ಮಾಡೆಲ್, ಅದೇ ಸಿಸಿ, ಅದೇ ಪೆಟ್ರೋಲ್ ಅಂತ ಬರೆದು ಅರ್ಜಿ ಕೊಟ್ಟೆ. ಒಪ್ಪುವುದು ಬಿಡುವುದು ಅವರ ಕೈಯಲ್ಲಿದೆ. ಹಾಗಾಗಿ ಕೈಗೆ ಕಾಗದ ಬರುವವರೆಗೂ ನನ್ನ ಗಾಡಿಯ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ.

ದಾನಿ ಕಾರು, ಅಂದ್ರೆ ಎಂಜಿನ್ ಬಿಚ್ಚಿಕೊಳ್ಳಲೆಂದೇ ಕೊಳ್ಳುವ ಕಾರು, ಹುಡುಕುವಾಗ ನನಗೆ ಬೇಕಿದ್ದದ್ದು ಚೆಂದದ ಕಾರಲ್ಲ. ಮೂತಿ ಸರಿಯಿದ್ದು ಬೇರೆಲ್ಲೋ ಪೆಟ್ಟಾದ ಕಾರು. ಮುಂದೆ ಗುದ್ದಿಸಿಕೊಂಡ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ರೇಡಿಯೇಟರ್ ಹಿಂದೆ ಸರಿದಿರುತ್ತದೆ, ಎಂಜಿನ್ ಫೌಂಡೇಷನ್ ಕಿತ್ತಿರುತ್ತದೆ, ವೈರಿಂಗ್ ಎಲ್ಲೋ ನಜ್ಜಾಗಿರುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ. ನನಗೆ ಸಿಕ್ಕಿದ್ದು ಮಲ್ಲೇಶ್ವರದಲ್ಲಿ ಮರ ಬಿದ್ದ 2002ರ ಎಸ್ಟೀಮ್. ಬೇಸಿಗೆ ಮಳೆಗೆ ಬೆಂಗಳೂರಿನಲ್ಲಿ ಪ್ರತಿ ವರ್ಷ ಎಷ್ಟು ಕಾರಿನ ಮೇಲೆ ಮರ ಬೀಳುತ್ತದೆ ಅಂತ ನಿಮಗೆ ಗೊತ್ತಲ್ವಾ. ಈ ಕಾರಿನ ಚಾವಣಿ ಹಿಂದಿನ ಸೀಟಿನವರೆಗೂ ಕುಸಿದಿತ್ತು. ಬಾನೆಟ್ ಮೇಲೆ ಒಂದು ಗೀರೂ ಇರಲಿಲ್ಲ.

"ಎಂಜಿನ್‌ಗೆ ಏನೂ ಆಗಿಲ್ಲಪ್ಪಾ, ಇವತ್ತಿಗೂ ಒಂದೇ ಸೆಲ್ಫ್‌ಗೆ ಎದ್ದೇಳುತ್ತೆ" ಅಂದರು ಯಜಮಾನರು.

"ನಾನೇ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ಲಾ ಸಾರ್?"

"ನೋಡಪ್ಪಾ, ಅದಕ್ಕೇನಂತೆ. ಬ್ಯಾಟರಿ ಮಾತ್ರ ನೀನೇ ತರಬೇಕು."

ಎಂಜಿನ್ ಗಾಡಿಯಲ್ಲೇ ಇದ್ದು ಓಡುತ್ತಿರುವಾಗ ನೋಡಬಹುದಾದದ್ದು ನೆಲದ ಮೇಲಿಟ್ಟ ಎಂಜಿನ್‌ನಲ್ಲಿ ಖಂಡಿತ ಗೊತ್ತಾಗುವುದಿಲ್ಲ. ಮೊದಲು ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ಬಿಟ್ಟೆ. ಚೆಕ್ ಎಂಜಿನ್ ದೀಪ ಹತ್ತಬೇಕು, ಹತ್ತಿತು. ಸ್ಟಾರ್ಟ್ ಆದ ಮೇಲೆ ಆರಬೇಕು, ಆರಿತು. ಹತ್ತುವುದೇ ಇಲ್ಲ ಅಂದ್ರೆ ಹುಷಾರು. ತಕರಾರು ಮುಚ್ಚಲು ಯಾರೋ ಬಲ್ಬ್ ಕಿತ್ತಿರುತ್ತಾರೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದೆ. ಅಲ್ಲಿ ಕಾಫಿ ನೊರೆಯಂಥದ್ದು ಅಂಟಿದ್ದರೆ ನೀರು ಆಯಿಲ್‌ಗೆ ಸೇರುತ್ತಿದೆ ಅಂತ ಅರ್ಥ. ಇರಲಿಲ್ಲ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ನೀಲಿ ಹೊಗೆ ಬರಲಿಲ್ಲ. ಆಮೇಲೆ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರ್‌ಗೆ ಕಂಪ್ರೆಷನ್ ಗೇಜ್ ಹಾಕಿದೆ. ಎಲ್ಲವೂ 175ರಿಂದ 185 ಪಿಎಸ್‌ಐ ಒಳಗೆ ಬಂತು. ಅಂಕಿ ಎಷ್ಟು ಜಾಸ್ತಿ ಅನ್ನುವುದಕ್ಕಿಂತ ನಾಲ್ಕೂ ಒಂದಕ್ಕೊಂದು ಹತ್ತಿರ ಇದೆಯಾ ಅಂತ ನೋಡಿ. ಒಂದು ಮಾತ್ರ ಕೆಳಗಿದ್ದರೆ ವಾಲ್ವೋ ರಿಂಗೋ ಹೋಗಿದೆ.

ಕೀಲಿಯನ್ನೂ ನೋಡಬೇಕು. ಆಮೇಲಿನ ಮಾರುತಿಗಳಲ್ಲಿ ಕೀಲಿಯೊಳಗೆ ಚಿಪ್ ಇರುತ್ತದೆ. ಆ ಚಿಪ್, ಕೀ ಹೋಲ್ ಸುತ್ತಲಿನ ಆಂಟೆನಾ, ಕಳ್ಳತನ ತಡೆಯುವ ಇಮೊಬಿಲೈಸರ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲಾ ಒಂದಕ್ಕೊಂದು ಪರಿಚಯ ಇರುವ ಜೋಡಿ. ಒಂದು ಬಿಟ್ಟು ಬಂದರೂ ಸೆಲ್ಫ್ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ. ಈ ಕಾರಿಗೆ ಚಿಪ್ ಇಲ್ಲದ ಸಾದಾ ಕೀ. ಅರ್ಧ ತಲೆನೋವು ಅಲ್ಲಿಗೇ ಹೋಯಿತು. ಎಂಜಿನ್ ಮೇಲಿನ ನಂಬರ್ ಆರ್‌ಸಿಗೆ ತಾಳೆಯಾಯಿತು. ಸುಮಾರು 30,000ಕ್ಕೆ ವ್ಯಾಪಾರ ಮುಗಿಯಿತು. ಬರವಣಿಗೆಯಲ್ಲಿ ಮಾರಾಟದ ಪತ್ರ, ಆರ್‌ಸಿ ಎರಡನ್ನೂ ತೆಗೆದುಕೊಂಡು ಕಾಮಾಕ್ಷಿಪಾಳ್ಯದ ಗೆಳೆಯನ ಶೆಡ್‌ಗೆ ಟೋ ಮಾಡಿಸಿದೆ. ಗೆಳೆಯನದು ಲೇತ್ ಶಾಪ್. ಹಿಂದೆ ಎರಡು ಕಾರು ನಿಲ್ಲುವಷ್ಟು ಜಾಗ, ಮೇಲೆ ಗಟ್ಟಿ ಕಬ್ಬಿಣದ ತೊಲೆ. ಚೈನ್ ಬ್ಲಾಕ್ ನೇತುಹಾಕಲು ಇನ್ನೇನು ಬೇಕು?

ನಮ್ಮ ಮೇಸ್ತ್ರಿಗೂ ನನಗೂ ಮೊದಲ ದಿನವೇ ವಾದ ಆಯಿತು. ಅವರು ಎಂಜಿನ್ ಮೊದಲು ಇಳಿಸೋಣ ಅಂದರು. ನಾನು ವೈರಿಂಗ್ ಮೊದಲು ಅಂದೆ.

"ಎಂಜಿನ್ ಆಚೆ ಬಂದ್ರೆ ಕೈಯಾಡ್ಸೋಕೆ ಜಾಗ ಸಿಗುತ್ತೆ ಸಾರ್."

"ಜಾಗ ಸಿಗುತ್ತೆ ಅಣ್ಣ. ಯಾವ ವೈರ್ ಎಲ್ಲಿಗೆ ಹೋಗ್ತಿತ್ತು ಅಂತ ಯಾರು ಹೇಳ್ತಾರೆ?"

ಕೊನೆಗೆ ನನ್ನ ಮಾತು ನಡೆಯಿತು. ಎಲ್ಲವೂ ಅದರದರ ಜಾಗದಲ್ಲಿರುವಾಗ ವೈರಿಂಗ್ ತನ್ನ ದಾರಿ ತಾನೇ ತೋರಿಸುತ್ತದೆ. ಯಾವ ಕೊಂಬೆ ಮ್ಯಾನಿಫೋಲ್ಡ್ ಕೆಳಗೆ ನುಸುಳುತ್ತದೆ, ಎಲ್ಲಿ ಕ್ಲಿಪ್ ಇದೆ, ಅರ್ತ್ ವೈರು ಯಾವ ಬೋಲ್ಟ್‌ಗೆ ಕೂತಿದೆ, ಎಲ್ಲಾ. ಎಂಜಿನ್ ಎದ್ದ ಮೇಲೆ ಅದೊಂದು ಸತ್ತ ಹಾವು. ಯಾವ ಕಡೆ ತಲೆ, ಯಾವ ಕಡೆ ಬಾಲ ಅಂತ ಹುಡುಕುತ್ತಾ ಕೂರಬೇಕು.

ಮೊದಲು ಪೆಟ್ರೋಲ್ ಪ್ರೆಷರ್ ಇಳಿಸಿದೆವು. ಪಂಪಿನ ರಿಲೇ ಕಿತ್ತು ಎಂಜಿನ್ ಓಡಿಸಿದರೆ ಪೈಪಿನಲ್ಲಿರುವ ಪೆಟ್ರೋಲ್ ಮುಗಿದು ತಾನೇ ನಿಲ್ಲುತ್ತದೆ. ಆಮೇಲೆ ಬ್ಯಾಟರಿ ಬಿಚ್ಚಿ ಶೆಡ್ಡಿನಿಂದ ಆಚೆ ಇಟ್ಟೆವು. ಟ್ಯಾಂಕ್ ಖಾಲಿ ಮಾಡುವಾಗ ಲೇತ್ ಶಾಪಿನ ಹುಡುಗ ಬೀಡಿ ಹಚ್ಚಿಕೊಂಡು "ಏನ್ ಮಾಡ್ತಿದೀರಾ" ಅಂತ ಇಣುಕಿದ. ಮೇಸ್ತ್ರಿ ಕೂಗಿದ ಕೂಗಿಗೆ ಅವನು ಮಾಗಡಿ ರಸ್ತೆಯವರೆಗೂ ಓಡಿರಬೇಕು.

ಆಮೇಲೆ ಫೋಟೋ. ಮೊದಲು ದೂರದಿಂದ, ನಂತರ ಹತ್ತಿರದಿಂದ, ಪ್ರತಿ ಕಪ್ಲರ್‌ಗೂ. ಮಾಸ್ಕಿಂಗ್ ಟೇಪ್ ಮೇಲೆ ಹೆಸರು ಬರೆದು ಕಪ್ಲರ್‌ಗೆ ಒಂದು, ಅದು ಕೂರುವ ಸೆನ್ಸರ್‌ಗೆ ಒಂದು ಅಂಟಿಸಿದೆ. ಮಾಸ್ಕಿಂಗ್ ಟೇಪ್ ಎಣ್ಣೆ ಕೈಗೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಅದರ ಮೇಲೆ ಪಾರದರ್ಶಕ ಟೇಪ್ ಇನ್ನೊಂದು ಸುತ್ತು. ಇಂಜೆಕ್ಟರ್‌ಗಳಿಗೆ ಒಂದೇ ಥರದ ಕಪ್ಲರ್ ಇರುವುದರಿಂದ ಅವಕ್ಕೆ ನಂಬರ್ ಹಾಕಲೇಬೇಕು.

ಇಪ್ಪತ್ತು ವರ್ಷ ಎಂಜಿನ್ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಇಲ್ಲಿ ಆತುರ ಬಿದ್ದವರು ಕೆಡುತ್ತಾರೆ. ಕಪ್ಲರ್ ಅನ್ನು ವೈರ್ ಹಿಡಿದು ಎಳೆಯಲೇಬಾರದು. ನಾನು ಮಾಡಿದ್ದು ಹೀಗೆ. ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ ಕಪ್ಲರ್ ಸುತ್ತ ಒಂದೆರಡು ನಿಮಿಷ ಹಿಡಿದೆ. ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗುತ್ತದೆ. ಕಪ್ಲರ್ ಅನ್ನು ಮೊದಲು ಒಳಕ್ಕೆ ಒತ್ತಿದೆ. ಒತ್ತಿದಾಗ ಲಾಕ್ ಮೇಲಿನ ಭಾರ ಇಳಿಯುತ್ತದೆ. ಆಗ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ನಾಲಿಗೆ ಎತ್ತಿ, ಎರಡೂ ಬದಿ ಸ್ವಲ್ಪ ಸ್ವಲ್ಪ ಆಡಿಸುತ್ತಾ ಹೊರಕ್ಕೆ ತೆಗೆದೆ. ಕೆಲವದರ ಸುತ್ತ ಧೂಳು, ಎಣ್ಣೆ ಸೇರಿ ಅಂಟಾಗಿತ್ತು. ಅವಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಟೀ ಕುಡಿದು ಬಂದೆ. ಇಷ್ಟಾದರೂ ಕೆಲವು ನಾಲಿಗೆ ಮುರಿದವು. ಅವನ್ನು ಆಮೇಲೆ ಸಣ್ಣ ಕೇಬಲ್ ಟೈ ಹಾಕಿ ನಿಲ್ಲಿಸಬಹುದು, ವೈರ್ ಕಿತ್ತುಬಂದರೆ ಮಾತ್ರ ಕಷ್ಟ.

ಎಂಜಿನ್ ಕಡೆಯ ವೈರಿಂಗ್ ಒಂದು ದಪ್ಪ ರಬ್ಬರ್ ಗ್ರೊಮೆಟ್ (ತೂತಿಗೆ ಕೂರಿಸುವ ಬಳೆ) ಮೂಲಕ ಕ್ಯಾಬಿನ್ನಿಗೆ ಹೋಗುತ್ತದೆ. ಗುಜರಿಯಲ್ಲಿ ಬ್ಲೇಡ್ ಬೀಳುವುದು ಇಲ್ಲೇ. ಯಾಕಂದ್ರೆ ಡ್ಯಾಶ್‌ಬೋರ್ಡ್ ಬಿಚ್ಚದೆ ಇಸಿಯು ಕಪ್ಲರ್ ಕೈಗೆ ಸಿಗುವುದಿಲ್ಲ. ನಾವು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿದೆವು. ಗ್ರೊಮೆಟ್‌ಗೆ ಸೋಪು ನೀರು ಸವರಿ ತಳ್ಳಿ, ಇಸಿಯು ಕಪ್ಲರ್‌ಗಳನ್ನು ಒಂದರ ಹಿಂದೆ ಒಂದು ಓರೆ ಮಾಡಿ ತೂತಿನಿಂದ ಆಚೆ ದಾಟಿಸಿದೆವು. ಒಟ್ಟಿಗೆ ದಾಟಿಸಲು ಹೋದರೆ ಸಿಕ್ಕಿಕೊಳ್ಳುತ್ತದೆ. ಮರ ಬಿದ್ದಾಗ ಮುಂದಿನ ಗಾಜು ಒಡೆದಿದ್ದರಿಂದ ಡ್ಯಾಶ್‌ಬೋರ್ಡ್ ಒಳಗೆ ಮಳೆ ನೀರು ಹೋಗಿರಬಹುದು ಅನ್ನುವ ಅನುಮಾನ ನನಗಿತ್ತು. ಇಸಿಯು ಮುಚ್ಚಳ ತೆಗೆದು ನೋಡಿದೆ. ಬೋರ್ಡ್ ಒಣಗಿತ್ತು, ಪಿನ್ನುಗಳ ಮೇಲೆ ಹಸಿರು ಹಿಡಿದಿರಲಿಲ್ಲ.

ಇಸಿಯು ಜೊತೆಗೆ ಏನೇನು ತರಬೇಕು ಅಂತ ಬಹಳ ಜನ ಕೇಳುತ್ತಾರೆ. ನನ್ನ ಉತ್ತರ, ಏನನ್ನೂ ಬಿಡಬೇಡಿ. ಮೇನ್ ರಿಲೇ, ಪಂಪ್ ರಿಲೇ, ಫ್ಯೂಸ್ ಡಬ್ಬ, ಎಲ್ಲಾ ಸೆನ್ಸರ್, ಆಕ್ಸಿಲರೇಟರ್ ಕೇಬಲ್, ಏರ್ ಫಿಲ್ಟರ್ ಡಬ್ಬ, ಸೈಲೆನ್ಸರಿನ ಮುಂದಿನ ಪೈಪ್ ಆಕ್ಸಿಜನ್ ಸೆನ್ಸರ್ ಸಮೇತ, ಚಾರ್ಕೋಲ್ ಡಬ್ಬ, ಬ್ರ್ಯಾಕೆಟ್, ಬೋಲ್ಟ್. ಒಂದು ಸಣ್ಣ ಬ್ರ್ಯಾಕೆಟ್‌ಗಾಗಿ ಆಮೇಲೆ ಊರೆಲ್ಲಾ ಅಲೆಯುವುದು ಯಾರಿಗೆ ಬೇಕು? ಮೀಟರ್ ಬೋರ್ಡ್, ಗೇರ್ ಬಾಕ್ಸ್ ಎರಡನ್ನೂ ನಾನು ದಾನಿ ಕಾರಿನದ್ದೇ ಹಾಕಿಕೊಂಡೆ. ಗಾಡಿ ಎಷ್ಟು ವೇಗದಲ್ಲಿದೆ ಅಂತ ಇಸಿಯುಗೆ ಗೊತ್ತಾಗಬೇಕು, ಇಲ್ಲದಿದ್ದರೆ ಸಿಗ್ನಲ್‌ಗೆ ಬಂದು ನಿಲ್ಲುವಾಗ ಎಂಜಿನ್ ಆಫ್ ಆಗುವ ರೋಗ ಅಂಟಿಕೊಳ್ಳುತ್ತದೆ. ಮೀಟರ್ ಬದಲಾದರೆ ಕಿಲೋಮೀಟರ್ ಅಂಕಿಯೂ ಬದಲಾಗುತ್ತದೆ. ಎರಡೂ ಮೀಟರಿನ ಫೋಟೋವನ್ನು ಗಾಡಿಯ ಕಡತದಲ್ಲಿ ಇಟ್ಟಿದ್ದೇನೆ.

ಎಂಜಿನ್ ಇಳಿಸಿದ್ದು ಇದಕ್ಕೆಲ್ಲಾ ಹೋಲಿಸಿದರೆ ಸುಲಭದ ಕೆಲಸ. ಎಸಿ ಗ್ಯಾಸನ್ನು ಮೊದಲೇ ಎಸಿ ಅಂಗಡಿಯವರ ಮೆಷಿನ್‌ನಿಂದ ತೆಗೆಸಿದ್ದೆ. ಸುಮ್ನೆ ಗಾಳಿಗೆ ಬಿಡಬಾರದು. ಕೂಲೆಂಟ್, ಗೇರ್ ಆಯಿಲ್ ಇಳಿಸಿ, ರೇಡಿಯೇಟರ್ ತೆಗೆದು, ಕ್ಲಚ್ ಕೇಬಲ್, ಗೇರ್ ರಾಡ್, ಎರಡೂ ಆಕ್ಸಲ್, ಎಕ್ಸಾಸ್ಟ್ ಬಿಚ್ಚಿದೆವು. ಎಂಜಿನ್ನೂ ಗೇರ್ ಬಾಕ್ಸೂ ಒಟ್ಟಿಗೆ ಮೇಲಿನಿಂದ ಬಂತು. ಬ್ಲಾಕ್ ಅಲ್ಯುಮಿನಿಯಂ ಆದ್ದರಿಂದ ಚೈನ್ ಬ್ಲಾಕ್‌ಗೆ ಅದೇನು ದೊಡ್ಡ ಭಾರವಲ್ಲ. ಮೇಸ್ತ್ರಿ ಗೇರ್ ಬಾಕ್ಸ್ ಕಡೆ ತಗ್ಗಿಸಿ, ಬೆಲ್ಟ್ ಕಡೆ ಎತ್ತಿ, ಒಂದು ಕೈಯಲ್ಲಿ ತಳ್ಳುತ್ತಾ ಆರಾಮಾಗಿ ತೆಗೆದರು. ಎಂಜಿನ್ ಆಚೆ ಇರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಎರಡೂ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಹೊಸದು ಹಾಕಿದೆವು. ಒಳಗೆ ಕೂತ ಮೇಲೆ ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೂಲಿ.

ವೈರಿಂಗ್ ಅನ್ನು ಮನೆಗೆ ತಂದು ಟೆರೇಸ್ ಮೇಲೆ ಹಾಸಿದೆ. ಹಳೇ ಟೇಪ್ ಬಿಚ್ಚಿದಾಗಲೇ ಅಸಲಿ ಬಣ್ಣ ಗೊತ್ತಾಗಿದ್ದು. ಒಂದು ಕಡೆ ಇಲಿ ಕಡಿದಿತ್ತು. ರಾತ್ರಿ ಬಿಸಿ ಎಂಜಿನ್ ಮೇಲೆ ಬಂದು ಕೂರುವ ಇಲಿಗೆ ಬೆಂಗಳೂರಿನಲ್ಲಿ ಬರವೇ? ಇನ್ನೊಂದು ಕಡೆ ಯಾರೋ ರಿವರ್ಸ್ ಹಾರ್ನ್ ಹಾಕಲು ವೈರ್ ಸಿಪ್ಪೆ ಸುಲಿದು, ತಿರುಚಿ, ಟೇಪ್ ಸುತ್ತಿದ್ದರು. ಒಳಗೆ ತಾಮ್ರ ಕಪ್ಪಾಗಿತ್ತು. ಹೀಗೆ ಕಪ್ಪಾದ ವೈರ್‌ಗೆ ಹೊಸ ತುಂಡು ಸೇರಿಸುವಾಗ ಹೊಳೆಯುವ ತಾಮ್ರ ಕಾಣುವವರೆಗೂ ಹಿಂದಕ್ಕೆ ಕತ್ತರಿಸಬೇಕು. ಎಸ್.ಪಿ. ರಸ್ತೆಯಿಂದ ಅದೇ ದಪ್ಪದ ಆಟೋ ವೈರು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ತಂದಿದ್ದೆ. ಜೋಡಣೆಗೆ ಕ್ರಿಂಪ್ (ಒತ್ತಿ ಬಿಗಿಸುವ ಲೋಹದ ಕೊಳವೆ) ಹಾಕಿ ಮೇಲೆ ಸ್ಲೀವ್ ಬಿಸಿ ಮಾಡಿದೆ. ಬೆಸುಗೆ ಹಾಕಿದರೆ ಆಯ್ತಲ್ಲ ಅಂತ ಕೆಲವರು ಹೇಳುತ್ತಾರೆ. ಎಂಜಿನ್ ಮೇಲೆ ಸದಾ ನಡುಕ ಇರುತ್ತದೆ. ಬೆಸುಗೆ ನಿಂತ ಜಾಗದಲ್ಲಿ ವೈರ್ ಬಿರುಸಾಗಿ ಅಲ್ಲೇ ಮುರಿಯುತ್ತದೆ. ನನಗೆ ಕ್ರಿಂಪೇ ಸರಿ.

ಹಾಸಿದ ವೈರಿಂಗ್‌ಗೆ ಅಲ್ಲೇ ಇಸಿಯು, ರಿಲೇಗಳು, ಸೆನ್ಸರ್‌ಗಳನ್ನು ಸಿಕ್ಕಿಸಿ, ಚೆಕ್ ಎಂಜಿನ್ ದೀಪದ ಜಾಗಕ್ಕೆ ಒಂದು ಸಣ್ಣ ಬಲ್ಬ್ ಕೊಟ್ಟು, ಫ್ಯೂಸ್ ಮೂಲಕ 12 ವೋಲ್ಟ್ ಬ್ಯಾಟರಿ ಜೋಡಿಸಿದೆ. ಕೀ ಜಾಗದಲ್ಲಿ ಒಂದು ಸ್ವಿಚ್. ಸ್ವಿಚ್ ಒತ್ತಿದೆ. ಮೇನ್ ರಿಲೇ ಟಕ್ ಅಂತು. ಪಂಪ್ ರಿಲೇ ಟಕ್ ಅಂತ ಹಿಡಿದು ಎರಡು ಮೂರು ಸೆಕೆಂಡ್ ಬಿಟ್ಟು ಮತ್ತೆ ಟಕ್ ಅಂತ ಬಿಟ್ಟಿತು. ಬಲ್ಬ್ ಹತ್ತಿತು. ಅಂದ್ರೆ ಇಸಿಯುಗೆ ಕರೆಂಟೂ ಅರ್ತೂ ಸರಿಯಾಗಿ ಸಿಗುತ್ತಿದೆ, ಅದು ಬದುಕಿದೆ. ಥ್ರಾಟಲ್ ಸೆನ್ಸರ್‌ಗೆ 5 ವೋಲ್ಟ್ ಬರುತ್ತಿತ್ತು. ಬೆರಳಿನಿಂದ ಥ್ರಾಟಲ್ ತಿರುಗಿಸಿದರೆ ಸಿಗ್ನಲ್ ವೈರಿನಲ್ಲಿ ಅರ್ಧ ವೋಲ್ಟ್ ಆಸುಪಾಸಿನಿಂದ ನಾಲ್ಕರ ಹತ್ತಿರದವರೆಗೆ ಎಲ್ಲೂ ಜಿಗಿಯದೆ ಏರಿತು. ಕೂಲೆಂಟ್ ಸೆನ್ಸರ್ ಬಿಚ್ಚಿ ಒಂದು ಲೋಟ ಬಿಸಿ ನೀರಿಗೆ ಅದ್ದಿದೆ. ತಣ್ಣಗಿದ್ದಾಗ ಎರಡೂವರೆ ಕಿಲೋ ಓಮ್ ಹತ್ತಿರ ಇದ್ದದ್ದು 80 ಡಿಗ್ರಿಗೆ 300 ಓಮ್ ಸುಮಾರಿಗೆ ಇಳಿಯಿತು. ಗಾಡಿಯೊಳಗೆ ಬಗ್ಗಿಕೊಂಡು ಟಾರ್ಚ್ ಹಿಡಿದು ಹುಡುಕುವುದನ್ನೆಲ್ಲಾ ಹೀಗೆ ಬಿಸಿಲು ಕಾಯಿಸುತ್ತಾ ಮುಗಿಸಬಹುದು. ಈ ಒಂದು ಕೆಲಸವನ್ನು ಯಾರೂ ಬಿಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಎಲೆಕ್ಟ್ರಿಷಿಯನ್ ಅಣ್ಣ ಹಳೇ ಕಾಲದವರು. ಅಂಬಾಸಿಡರ್, ಪದ್ಮಿನಿ ಕಣ್ಣು ಮುಚ್ಚಿ ಮಾಡುತ್ತಿದ್ದರು. ಕೈಯಲ್ಲಿ ಸದಾ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್. ಅದನ್ನು ಇಸಿಯು ವೈರ್‌ಗೆ ಚುಚ್ಚಬೇಡಿ ಅಂತ ಕೈ ಮುಗಿದು ಕೇಳಿಕೊಂಡೆ. ಬಲ್ಬ್ ಎಳೆಯುವ ಕರೆಂಟ್‌ಗೆ ಇಸಿಯು ಒಳಗಿನ ಸಣ್ಣ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಮಲ್ಟಿಮೀಟರ್ ಮಾತ್ರ. ಬಾಡಿಗೆ ವೆಲ್ಡಿಂಗ್ ಮಾಡುವುದಿದ್ದರೂ ಇಸಿಯು ಬಿಚ್ಚಿಟ್ಟೇ ಮಾಡಬೇಕು.

ನನ್ನ ಕಾರಿನ ಹಳೇ ಎಂಜಿನ್ ಇಳಿದು ಹೊಸದು ಕೂತಿದ್ದರ ಬಗ್ಗೆ ಹೇಳುವುದು ಕಡಿಮೆ. ಒಂದೇ ಬಾಡಿ. ದಾನಿ ಕಾರಿನ ಬ್ರ್ಯಾಕೆಟ್ ಹಾಕಿ ಹೊಸ ರಬ್ಬರ್ ಕೊಟ್ಟೆವು, ಕೂತಿತು. ವೈರಿಂಗ್ ವಿಷಯದಲ್ಲಿ ನಾನು ಹಳೇ ಬಾಡಿ ವೈರಿಂಗ್ ಕೀಳಲಿಲ್ಲ. ಲೈಟು, ಹಾರ್ನು, ವೈಪರ್ ಎಲ್ಲಾ ಇದ್ದ ಹಾಗೇ ಇರಲಿ. ಎಂಜಿನ್ ವೈರಿಂಗ್ ತಾನೇ ಒಂದು ಬೇರೆ ಸಂಸಾರ. ಎರಡಕ್ಕೂ ನೆಂಟಸ್ತನ ಕೆಲವೇ ವೈರುಗಳಲ್ಲಿ. ಬ್ಯಾಟರಿಯಿಂದ ಸದಾ ಇರುವ ಕರೆಂಟ್, ಕೀ ಹಾಕಿದಾಗ ಬರುವ ಕರೆಂಟ್, ಸೆಲ್ಫ್ ಹೊಡೆಯುವಾಗಿನ ಸಿಗ್ನಲ್, ಮೀಟರ್ ಬೋರ್ಡಿಗೆ ಹೋಗುವ ದೀಪ ಮತ್ತು ಟೆಂಪರೇಚರ್ ವೈರು, ವೇಗದ ಸಿಗ್ನಲ್, ಹಿಂದೆ ಟ್ಯಾಂಕಿಗೆ ಪಂಪ್ ಕರೆಂಟ್, ಎಸಿ. ಸುಜುಕಿ ಗಾಡಿಗಳಲ್ಲಿ ಕಪ್ಪು ಮೇಲೆ ಬಿಳಿ ಗೆರೆಯ ವೈರು ಸಾಮಾನ್ಯವಾಗಿ ಕೀ ಹಾಕಿದಾಗ ಜೀವ ಬರುವುದು. ಹಾಗಂತ ಬಣ್ಣ ನಂಬಿ ಕೂರಬೇಡಿ. ಕೀ ಆನ್ ಇಟ್ಟು ನೋಡಿ, ಸೆಲ್ಫ್ ಹೊಡೆಯುತ್ತಾ ನೋಡಿ. ಸೆಲ್ಫ್ ತಿರುಗುವಾಗ ಸತ್ತುಹೋಗುವ ಕರೆಂಟನ್ನು ಇಸಿಯುಗೆ ಕೊಟ್ಟರೆ ಗಾಡಿ ಎಂದಿಗೂ ಸ್ಟಾರ್ಟ್ ಆಗುವುದಿಲ್ಲ.

ಅರ್ತ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಬ್ಯಾಟರಿಯಿಂದ ಬಾಡಿಗೆ ಒಂದು, ಬ್ಯಾಟರಿಯಿಂದ ಗೇರ್ ಬಾಕ್ಸಿಗೆ ಒಂದು ದಪ್ಪ ಕೇಬಲ್ ಹೊಸದೇ ಹಾಕಿದೆ. ಇಸಿಯು ಅರ್ತ್ ದಾನಿ ಕಾರಿನಲ್ಲಿ ಎಂಜಿನ್ ಮೇಲೆ ಯಾವ ಬೋಲ್ಟಿಗೆ ಇತ್ತೋ ಅಲ್ಲೇ, ಉಜ್ಜುಗಾಗದದಲ್ಲಿ ಉಜ್ಜಿ, ಬಿಗಿಯಾಗಿ. ಎಂಜಿನ್ ಅರ್ತ್ ಸಡಿಲವಿದ್ದರೆ ಸೆಲ್ಫ್ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ಗಾಡಿಗಳನ್ನು ಮೇಸ್ತ್ರಿ ನೋಡಿದ್ದಾರೆ.

ಪೆಟ್ರೋಲ್ ಕಡೆಯದ್ದು ಬೇರೆಯದೇ ಕೆಲಸ. ಕಾರ್ಬ್ಯುರೇಟರ್ ಗಾಡಿಯಲ್ಲಿ ಎಂಜಿನ್ ಮೇಲಿನ ಪಂಪ್ ಕಾಲು ಬಾರ್ ಆಸುಪಾಸಿನ ಪ್ರೆಷರ್ ಕೊಡುತ್ತದೆ. ಎಂಪಿಎಫ್‌ಐಗೆ ಮೂರು ಬಾರ್ ಹತ್ತಿರ ಬೇಕು, ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ. ಹಳೇ ಟ್ಯಾಂಕಿಗೆ ತೂತು ಕೊರೆದು ಪಂಪ್ ಇಳಿಸಿದವರೂ ಇದ್ದಾರೆ. ನಾನು ಆ ಸಾಹಸಕ್ಕೆ ಹೋಗದೆ ದಾನಿ ಕಾರಿನ ಟ್ಯಾಂಕ್, ಹೋಗುವ ಪೈಪ್, ವಾಪಸ್ ಬರುವ ಪೈಪ್ ಎಲ್ಲವನ್ನೂ ಇಡಿಯಾಗಿ ಕಿತ್ತು ತಂದೆ. ರಬ್ಬರ್ ಹೋಸ್‌ಗಳನ್ನು ಮಾತ್ರ ಹೊಸದಾಗಿ ಇಂಜೆಕ್ಷನ್ ಗಾಡಿಯದ್ದೇ ಕೊಂಡೆ. ಕಾರ್ಬ್ಯುರೇಟರ್ ಹೋಸ್ ನೋಡಲು ಒಂದೇ ಥರ ಇರುತ್ತದೆ, ಬೆಲೆಯೂ ಕಡಿಮೆ. ಆ ಪ್ರೆಷರ್‌ಗೆ ಅದು ತಡೆಯುವುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಗಾಡಿ ಉಳಿಯುತ್ತಾ?

ಸ್ಟಾರ್ಟ್ ಮಾಡುವ ಮೊದಲು ಬರೀ ಕೀ ಆನ್ ಆಫ್ ಮಾಡುತ್ತಾ ಪಂಪ್ ಓಡಿಸಿ, ಪ್ರತಿ ಜೋಡಣೆಗೂ ಟಿಶ್ಯೂ ಪೇಪರ್ ಒತ್ತಿ ನೋಡಿದೆವು. ಎಲ್ಲಾ ಒಣಗಿತ್ತು. ಮೇಸ್ತ್ರಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತರು. ಸೆಲ್ಫ್ ಹೊಡೆದೆ. ಸ್ವಲ್ಪ ಎಳೆದು, ಒಂದು ಕೆಮ್ಮು ಕೆಮ್ಮಿ, ಎದ್ದಿತು. ಐಡ್ಲಿಂಗ್ ಮೊದಲು 1,500ಕ್ಕೆ ಹೋಗಿ, ಬಿಸಿಯಾಗುತ್ತಾ ತಾನೇ ಇಳಿಯಿತು. ಮೇಸ್ತ್ರಿ "ಸ್ಕ್ರೂ ತಿರುಗ್ಸೋ ಕೆಲ್ಸಾನೇ ಇಲ್ವಲ್ಲ ಸಾರ್" ಅಂದರು. ಅವರ ಮುಖದಲ್ಲಿ ಸ್ವಲ್ಪ ಬೇಜಾರೂ ಇತ್ತು ಅಂತ ನನಗನ್ನಿಸಿತು.

ರಸ್ತೆಗೆ ಇಳಿದ ಮೇಲೆ ನಾಗರಬಾವಿ ಕಡೆ ಹೋಗುವಾಗ ಚೆಕ್ ಎಂಜಿನ್ ದೀಪ ಹತ್ತಿತು. ಈ ಹಳೇ ಎಂಪಿಎಫ್‌ಐಗಳಲ್ಲಿ ಸ್ಕ್ಯಾನರ್ ಇಲ್ಲದೆಯೂ ರೋಗ ಓದಬಹುದು. ಡಯಾಗ್ನೋಸಿಸ್ ಕಪ್ಲರಿನ ಪಿನ್ನನ್ನು ಒಂದು ತುಂಡು ವೈರಿನಿಂದ ಅರ್ತ್‌ಗೆ ಸೇರಿಸಿ ಕೀ ಆನ್ ಮಾಡಿದರೆ ದೀಪ ಮಿನುಗುತ್ತದೆ. ಒಂದು ಮಿನುಗು, ಸ್ವಲ್ಪ ಬಿಟ್ಟು ಎರಡು ಮಿನುಗು ಬಂದರೆ 12, ಏನೂ ತಕರಾರಿಲ್ಲ. ನನಗೆ ಎರಡು, ಆಮೇಲೆ ನಾಲ್ಕು ಬಂತು. 24 ಅಂದ್ರೆ ವೇಗದ ಸಿಗ್ನಲ್. ಮೀಟರ್ ಬೋರ್ಡ್ ಹಿಂದೆ ಕೈ ಹಾಕಿ ನೋಡಿದರೆ ನಾಲಿಗೆ ಮುರಿದ ಒಂದು ಕಪ್ಲರ್ ಗುಂಡಿ ರಸ್ತೆಯ ಕುಲುಕಿಗೆ ಹಿಂದೆ ಸರಿದಿತ್ತು. ಕೇಬಲ್ ಟೈ ಹಾಕಿ ಬಿಗಿದೆ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ 12 ಬಂತು.

ದಾನಿ ಕಾರಿನಲ್ಲಿ ಉಳಿದದ್ದರಲ್ಲಿ ನಾಲ್ಕು ಬಾಗಿಲು, ಹೆಡ್‌ಲೈಟ್, ಸೀಟು, ಎಸಿ ಕಾಯಿಲ್ ಮಾರಿದೆ. ಕೊಂಡ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಗಾಡಿ ಇನ್ನು ಬಳಕೆಗೆ ಬಾರದು ಅಂತಾದರೆ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಅದನ್ನು ಯಜಮಾನರ ಸಹಿಯಲ್ಲೇ ಮಾಡಿಸಿದೆವು. ಅದಿಲ್ಲದೆ ಖಾಲಿ ಬಾಡಿಯನ್ನು ಗುಜರಿಗೆ ಹಾಕಬೇಡಿ. ಆ ನಂಬರ್ ಪ್ಲೇಟು ನಾಳೆ ಯಾವ ಗಾಡಿ ಮೇಲೆ ಓಡಾಡುತ್ತದೋ ಯಾರಿಗೆ ಗೊತ್ತು? ನನ್ನ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ, ಹೊಸ ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್, ಮಾರಾಟದ ಪತ್ರ, ರದ್ದಾದ ಕಾಗದ ಕೊಟ್ಟೆ. ಆರ್‌ಸಿಯಲ್ಲಿ ನಂಬರ್ ಬದಲಾಯಿತು. ಅದರ ಪ್ರತಿಯನ್ನು ಇನ್ಶೂರೆನ್ಸ್‌ನವರಿಗೂ ಕಳಿಸಿದೆ.

ಎಸಿ ಇನ್ನೂ ಬಾಕಿ ಇದೆ. ಕಂಪ್ರೆಸರ್ ಕೂತಿದೆ, ಪೈಪ್ ಸೇರಿದೆ, ಗ್ಯಾಸ್ ತುಂಬಿಸಿಲ್ಲ. ಎಸಿ ಸ್ವಿಚ್ ಒತ್ತಿದಾಗ ಸಿಗ್ನಲ್ ಮೊದಲು ಇಸಿಯುಗೆ ಹೋಗಿ, ಅದು ಐಡ್ಲಿಂಗ್ ಏರಿಸಿಕೊಂಡು ಆಮೇಲೆ ಕಂಪ್ರೆಸರ್ ಹಿಡಿಸಬೇಕು. ನನ್ನ ಹಳೇ ಡ್ಯಾಶ್‌ಬೋರ್ಡಿನ ಸ್ವಿಚ್ ನೇರವಾಗಿ ಕಂಪ್ರೆಸರ್‌ಗೇ ಕರೆಂಟ್ ಕೊಡುವಂಥದ್ದು. ದಾನಿ ಕಾರಿನ ಎಸಿ ಸ್ವಿಚ್ಚೂ ಅದರ ಆಂಪ್ಲಿಫೈಯರ್ ಡಬ್ಬವೂ ವೈರ್ ಸಮೇತ ಒಂದು ಕವರಿನಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಮಾರ್ಚ್ ಬಿಸಿಲು ಶುರುವಾಗುವ ಮೊದಲು ಅದನ್ನು ಸೇರಿಸಬೇಕು.